ಕಾಕಾನ ಐದು ಸೆಲ್ಲಿನ ಬ್ಯಾಟರಿ

ದುಡ್ಡು ಸುರಿದು ದೊಡ್ಡ ಬ್ಯಾಟರಿ ಕೊಳ್ಳುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದರ ಬೆಳಕು ಸಾಲದೆಂದಲ್ಲ. ಅದನ್ನು ಹಿಡಿದವರಿಗೆ ಬೆಳಕು ಬಿಡುವ ಮನಸ್ಸೇ ಇರುವುದಿಲ್ಲ, ಅದಕ್ಕೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಕಾಕಾ ಬೆಳಗಾವಿಯ ರವಿವಾರ ಪೇಟೆಯಿಂದ ಐದು ಸೆಲ್ಲಿನ ಬ್ಯಾಟರಿ ತಂದ. ಮೊಳದುದ್ದದ ಹೊಳೆಯುವ ಕೊಳವೆ. "ಖಾನಾಪುರದಾಗ ನಿಂತು ಹಚ್ಚಿದ್ರ ಹಲಸಿ ಗುಡಿ ಕಳಸಾ ಕಾಣತೈತ್ರಿ ಸಾಹೇಬ್ರ" ಎಂದಿದ್ದನಂತೆ ಅಂಗಡಿಯವ. ನಡುವೆ ಹರದಾರಿಗಟ್ಟಲೆ ಕಾಡಿದ್ದರೂ ಕಾಕಾ ನಂಬಿದ, ಆದರೆ ಹಚ್ಚಿ ನೋಡಲಿಲ್ಲ. ಹಚ್ಚಿದರೆ ಸೆಲ್ಲು ತೀರುತ್ತವಲ್ಲ. ಟವೆಲಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ. ಆಗಾಗ ಸೆಲ್ಲು ಹೊರತೆಗೆದು, ಶಕ್ತಿ ಬರಲೆಂದು, ಹಪ್ಪಳದ ಬಾಜು ಬಿಸಿಲಿಗೆ ಹಾಕುತ್ತಿದ್ದ. ಕತ್ತಲಾದರೆ ಮನೆಮಂದಿಯೆಲ್ಲ ಕಂದೀಲನ್ನೇ ಹುಡುಕುತ್ತಿದ್ದೆವು, ಕಾಕಾನೂ.

ಅಕ್ಕನ ಮದುವೆಯ ಹಿಂದಿನ ಸಂಜೆ, ಖಾನಾಪುರದ ಬೀಗರ ಅಂಗಳದಲ್ಲಿ ನಾನು ಮಂದಿಯ ನಕಲು ಮಾಡಿ ತೋರಿಸುವುದೆಂದಾಯಿತು. ಬೀಗರ ಪೈಕಿ ನಂದಗಡದ ಹಿರಿಯರೊಬ್ಬರು ನಾಟಕ ಆಡಿಸುವವರು. "ಮಂದೀನ ನಗಿಸಿ ತೋರ್ಸು ತಮ್ಮಾ, ಈ ಸಲ ನಾಟಕದಾಗ ಪಾರ್ಟು ಕೊಡ್ತೀನಿ" ಎಂದಿದ್ದರು. ನನಗೆ ಅದಕ್ಕಿಂತ ದೊಡ್ಡದು ಲೋಕದಲ್ಲಿ ಬೇರೊಂದಿರಲಿಲ್ಲ. ಅಕ್ಕನ ಮದುವೆಯೂ ಅಲ್ಲ.

ನಾನು ಎದ್ದು ನಿಂತೆ, ಕರೆಂಟು ಹೋಯಿತು. ಇದ್ದೊಂದು ಗ್ಯಾಸ್ ಬತ್ತಿಯನ್ನು ಅಡುಗೆಯವರು ಬಿಟ್ಟುಕೊಡಲಿಲ್ಲ. ಬೀಗರೆಲ್ಲ, ಮೆರೆಯಲೆಂದು ಬ್ಯಾಟರಿಯನ್ನು ಬಗಲಲ್ಲಿಟ್ಟುಕೊಂಡು ಬಂದಿದ್ದ ಕಾಕಾನ ಕಡೆ ತಿರುಗಿದರು. ಅಷ್ಟು ಜನರೆದುರು ಅವನು ಒಲ್ಲೆ ಎನ್ನುವಂತಿರಲಿಲ್ಲ, ಹಚ್ಚಿ ನನ್ನ ಮುಖಕ್ಕೆ ಹಿಡಿದ.

ನನ್ನ ನಕಲಿನಲ್ಲಿ ಅರ್ಧ ದನಿ, ಅರ್ಧ ಮಾರಿ. ನಮ್ಮ ಓಣಿಯ ಹಿಟ್ಟಿನ ಗಿರಣಿಯವ ಸೀನುವ ಮೊದಲು ಮೂಗು ಏರಿಸಿ ಆಕಾಶ ನೋಡುವುದನ್ನು ಮಾಡಿದೆ. ಸೀನು ಬರುವ ಹೊತ್ತಿಗೆ ಬ್ಯಾಟರಿ ಆರಿತು. ಕತ್ತಲಲ್ಲಿ ಸೀನಿದೆ. ಯಾರೋ ಪಾಪ, "ನೆಗಡಿ ಆಗೈತೇನು ಹುಡುಗಗ?" ಎಂದರು.

"ಕಾಕಾ, ಬಂದ್ ಮಾಡಬ್ಯಾಡೋ."

"ಮಂದಿ ನಗೂಮುಂದ ಬೆಳಕ್ಯಾಕ? ಕತ್ತಲ್ಯಾಗ ನಗಾಕ ಬರೂದಿಲ್ಲೇನು?"

"ಇನ್ನಾ ಯಾರೂ ನಕ್ಕಿಲ್ಲ."

"ನಕ್ಕ ಮ್ಯಾಲೆ ಹೇಳು, ಹಚ್ತೀನಿ."

ನನ್ನ ತಲೆ ಕೆಟ್ಟಿತು. ಆ ಕತ್ತಲಲ್ಲೇ ಕಾಕಾನ ಮೂಗಿನ ದನಿ ಎತ್ತಿದೆ: "ಈ ಸೂರ್ಯಾ ದಿನಾ ಹೆಂಗ ಖರ್ಚ ಮಾಡ್ತಾನ ಅಂತೀನಿ. ಮಧ್ಯಾಹ್ನ ಒಂದೀಟು ಬಂದ್ ಮಾಡಿದ್ರ ಏನಾಕ್ಕೈತಿ ಅವಂಗ?"

ಅಂಗಳ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಮೊದಲು ಕೇಳಿದ್ದು ಕಾಕಿಯ ನಗು.

"ತೋರ್ಸೀಗ ನಿನ್ನ ಮಾರಿ" ಎಂದು ಕಾಕಾ ಐದೂ ಸೆಲ್ಲಿನ ಬೆಳಕನ್ನು ನೇರ ನನ್ನ ಕಣ್ಣಿಗೆ ಬಿಟ್ಟ. ಕಣ್ಣು ಮುಚ್ಚಿಕೊಂಡವು, ಬಾಯಿ ತೆರೆದುಕೊಂಡಿತು, ಹಲ್ಲೆಲ್ಲ ಹೊರಗೆ. ಅವನು ಆರಿಸಲಿಲ್ಲ. ಒಣಗಿ ಒಣಗಿ ಹಳತಾದ ಸೆಲ್ಲುಗಳು ಕೆಂಪಗಾಗಿ ಸಾಯುವವರೆಗೂ ಹಾಗೇ ಹಿಡಿದ.

ನಂದಗಡದ ಹಿರಿಯರು ಕತ್ತಲಲ್ಲಿ ತಡವರಿಸುತ್ತ ಬಂದು ನನ್ನ ಹೆಗಲು ಹಿಡಿದರು. "ದನಿ ಭಾಳ ಚಲೋ ಐತಿ ತಮ್ಮಾ. ಪಾರ್ಟು ಕೊಟ್ಟೆ. ಅಶರೀರವಾಣಿ. ಪರದೆ ಹಿಂದ ನಿಂತು ಹೇಳು. ಮಾರಿ ನೋಡಿದ್ನಲ್ಲ, ಅದು ಬ್ಯಾಡ."

ಕಂದೀಲಿನ ಮಂದ ಬೆಳಕಾಗಿದ್ದರೆ ಕಡೆಗೆ ದ್ವಾರಪಾಲಕನಾದರೂ ಆಗುತ್ತಿದ್ದೆ. ಮನೆಗೆ ಬಂದ ಮೇಲೆ ಇದನ್ನೇ ಕಾಕಾನಿಗೆ ಹೇಳಿ ಜಗಳಕ್ಕೆ ನಿಂತೆ.

"ಹಂಗಾರ ಬೆಳಕು ಚಲೋ ಐತಿ ಅಂದಂಗಾತು" ಎಂದ ಕಾಕಾ, ಸತ್ತ ಸೆಲ್ಲುಗಳನ್ನು ಎತ್ತಿಕೊಂಡು ಬಿಸಿಲಿಗೆ ಹೋದ.