ಪೊಟ್ಟಣದೊಳಗಿನ ನಾಲ್ಕು ಸಾಲು

ಕೋಳಿ ಕೂಗುವುದಕ್ಕೆ ಮುಂಚೆ ಕಲ್ಸೋಮ್ ಮಾಡಿ ಮುಗಿಸುತ್ತಿದ್ದ ಕೆಲಸಗಳು ಇಷ್ಟು: ಎಂಟು ತೆಂಗಿನಕಾಯಿ ತುರಿದು ಹಾಲು ಹಿಂಡುವುದು, ಆ ಹಾಲಿನಲ್ಲಿ ಅಕ್ಕಿ ಬೇಯಲು ಇಡುವುದು, ಮೆಣಸಿನಕಾಯಿ ಅರೆದು ಸಾಂಬಾಲ್ ಕುದಿಸುವುದು, ಪುಟ್ಟ ಒಣಮೀನು ಹುರಿಯುವುದು, ನಲವತ್ತು ಮೊಟ್ಟೆ ಬೇಯಿಸಿ ಸುಲಿಯುವುದು, ಬಾಳೆ ಎಲೆ ಬಾಡಿಸುವುದು, ಗಂಡ ಜಮ್ಹೂರಿಯನ್ನು ನಮಾಜಿಗೆ ಎಬ್ಬಿಸುವುದು, ‘ಎದ್ದೆ’ ಎಂದು ಅವನು ಮಗ್ಗುಲು ಬದಲಿಸಿದ ಮೇಲೆ ಇನ್ನೊಮ್ಮೆ ಎಬ್ಬಿಸುವುದು, ಇದನ್ನೆಲ್ಲ ಸೇರಿಸಿ ಅಂಗಡಿಗೆ ಎಂಬತ್ತು ಪೊಟ್ಟಣ ನಾಸಿ ಲೆಮಾಕ್ ಕಟ್ಟುವುದು.

ಇದರ ನಡುವೆ ಅನ್ನ ಅರಳುವಷ್ಟು ಹೊತ್ತು ಅವಳದು. ಆಗ ಸೆರಗಿನಂತೆ ಹೊದ್ದ ಬಟ್ಟೆಯ ತುದಿಗೆ ಕೈ ಒರೆಸಿಕೊಂಡು, ಪೊಟ್ಟಣ ಸುತ್ತುವ ಕಾಗದಗಳಲ್ಲಿ ಐದಾರನ್ನು ಆರಿಸಿ, ಒಳಮೈಗೆ ನಾಲ್ಕು ಸಾಲಿನ ಒಂದೊಂದು ಪಂತುನ್ ಪದ್ಯ ಬರೆಯುತ್ತಿದ್ದಳು. ನಮ್ಮ ತೈಪಿಂಗ್ ಕಡೆ ಹೆಣ್ಣು ಕೇಳಲು ಹೋದರೂ ಪಂತುನ್, ಜಗಳಕ್ಕೆ ನಿಂತರೂ ಪಂತುನ್. ಮೊದಲೆರಡು ಸಾಲು ಹಕ್ಕಿ, ಹೊಳೆ ಎಂದು ಅಮಾಯಕರಂತೆ ಅಡ್ಡಾಡುತ್ತವೆ, ಚುಚ್ಚುವುದು ಕೊನೆಯೆರಡು. ಮಂತ್ರಿಯೊಬ್ಬರು ಟೀವಿಯಲ್ಲಿ, ಗೃಹಿಣಿಯರು ಜಾಣತನದಿಂದ ಅಡುಗೆ ಮಾಡಿದರೆ ಬೆಲೆಯೇರಿಕೆ ಗೊತ್ತೇ ಆಗುವುದಿಲ್ಲ, ತೆಂಗಿನ ಹಾಲು ಸ್ವಲ್ಪ ಕಡಿಮೆ ಹಾಕಿ ಎಂದಿದ್ದರು. ಮರುದಿನ ಹೊರಬಿದ್ದ ಪೊಟ್ಟಣದಲ್ಲಿತ್ತು:

ಹೊಳೆ ದಡದಲ್ಲಿ ಕೊಕ್ಕರೆ ಸಾಲು,
ಗಾಳಿಗೆ ತೂಗಿತು ಬಾಳೆ ಎಲೆ;
ಉಳಿಸಿರಿ ಎಂದರು ತೆಂಗಿನ ಹಾಲು,
ಮಂತ್ರಿ ಎಂದಾದರೂ ಊದಿದರೇ ಒಲೆ?

ಅದರ ಫೋಟೊ ಫೋನಿನಿಂದ ಫೋನಿಗೆ ಹಾರಿತು. ಪಂತುನ್ ಸಿಗುವ ಪೊಟ್ಟಣಕ್ಕಾಗಿ ಜನ ಎರಡೆರಡು ಕೊಳ್ಳತೊಡಗಿದರು. ‘ಜಮ್ಹೂರಿಯ ಪಂತುನ್’ ಎಂದೇ ಅದಕ್ಕೆ ಹೆಸರಾಯಿತು. ಅಂಗಡಿಯ ಪರವಾನಗಿ, ಬೋರ್ಡು ಎರಡೂ ಜಮ್ಹೂರಿಯ ಹೆಸರಲ್ಲಿದ್ದವು. ಕಚೇರಿ ತೆರೆಯುವ ಹೊತ್ತು ಕಲ್ಸೋಮ್‌ಗೆ ವ್ಯಾಪಾರದ ಹೊತ್ತು. ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲುವ ಪುರುಸೊತ್ತು ಇದ್ದದ್ದು ಅವನೊಬ್ಬನಿಗೇ.

“ಏನ್ ಬರೀತೀಯಪ್ಪ ಜಮ್ಹೂರಿ” ಎಂದು ಕಾಫಿ ಅಂಗಡಿಯಲ್ಲಿ ಬೆನ್ನು ತಟ್ಟಿದರೆ ಅವನು ಹೌದು ಅನ್ನುತ್ತಿರಲಿಲ್ಲ, ಇಲ್ಲ ಅಂತಲೂ ಅನ್ನುತ್ತಿರಲಿಲ್ಲ. ಮೀಸೆಯಲ್ಲಿ ನಕ್ಕು ಅವರು ಕೊಡಿಸಿದ ಕಾಫಿ ಕುಡಿಯುತ್ತಿದ್ದ.

“ನಂದು ಅಂತ ನಾನೇನೂ ಹೇಳಿಲ್ಲ ಸೋಮ್” ಎಂದ ಮನೆಯಲ್ಲಿ.

“ನನ್ನ ಹೆಂಡತೀದು ಅಂತಾನೂ ಹೇಳಿಲ್ಲವಲ್ಲ. ಆ ಮೊಟ್ಟೆ ಸಿಪ್ಪೆಯಾದ್ರೂ ಆಚೆ ಹಾಕಿ, ಕವಿಗಳೇ.”

ಮಗಳು ರಫೀಡಾ ಜೆಡ್ಡಾದಲ್ಲಿ ನರ್ಸು. ಚೊಚ್ಚಲ ಬಸುರಿ, ದಿನ ತುಂಬಲು ಒಂಬತ್ತು ದಿನ ಉಳಿದಿತ್ತು. ನಲವತ್ನಾಲ್ಕು ದಿನದ ಪಥ್ಯ, ಅರಿಸಿನ, ಹೊಟ್ಟೆಗೆ ಸುತ್ತುವ ಬಟ್ಟೆ, ಕಾಯಿಸಿದ ಕಲ್ಲಿನ ಶಾಖ: ಅಲ್ಲಿ ಇದನ್ನೆಲ್ಲ ಮಾಡುವವರು ಯಾರೂ ಇರಲಿಲ್ಲ. ಕಲ್ಸೋಮ್ ಹೊರಟಳು. ಹತ್ತಿರದಲ್ಲೇ ಮೆಕ್ಕಾ ಇದೆಯೆಂದು ಜಮ್ಹೂರಿಯೂ ಹೊರಟ. ಅವಳು ಬಾಣಂತನಕ್ಕೆ, ಅವನು ಪುಣ್ಯಕ್ಕೆ.

ಹೊರಟ ಗುರುವಾರವೂ ಅವಳು ಎಂಬತ್ತು ಪೊಟ್ಟಣ ಕಟ್ಟಿ ಪಕ್ಕದ ಮನೆಯವಳಿಗೆ ಒಪ್ಪಿಸಿ, ದಾರಿಗೆಂದು ಎರಡನ್ನು ಚೀಲಕ್ಕೆ ಹಾಕಿಕೊಂಡಿದ್ದಳು. ವಿಮಾನ ನಿಲ್ದಾಣದಲ್ಲಿ ಶಾಖದ ಕಲ್ಲನ್ನು ಮೂರು ಜನ ತಿರುಗಿಸಿ ನೋಡಿ, ಬಾಣಂತಿಗೆ ಎಂದಾಗ ನಕ್ಕು ಬಿಟ್ಟರು. ಕಲ್ಲು ದಾಟಿತು. ಜಮ್ಹೂರಿ ದಾಟಲಿಲ್ಲ.

“ಜಮ್ಹೂರಿ ಬಿನ್ ತಾಹಿರ್? ಚಿಕ್ಕಪ್ಪ, ಸ್ವಲ್ಪ ಈ ಕಡೆ ಬನ್ನಿ.”

ಕಲ್ಸೋಮ್ ಕೂಡ ಹಿಂದೆಯೇ ಹೋದಳು. ಕೋಣೆಯಲ್ಲಿ ಹೈಕಲ್ ಎಂಬ ಅಧಿಕಾರಿ, ಮಗಳ ವಯಸ್ಸಿನವನು. ಮೇಜಿನ ಮೇಲೆ ಪೊಟ್ಟಣದ ಕಾಗದಗಳ ಫೋಟೊಗಳು, ಒಂದೊಂದಕ್ಕೂ ನಂಬರು. ಸಾಂಬಾಲಿನ ಕಲೆಗೂ ಸುತ್ತು ಹಾಕಿದ್ದರು.

“ಇದೇನು ಅಪರಾಧವಾ ಸ್ವಾಮಿ?” ಎಂದ ಜಮ್ಹೂರಿ.

“ಅಪರಾಧ ಅಂತ ಯಾರೂ ಹೇಳಿಲ್ಲ. ನಿಮ್ಮ ಹೆಸರು ಪಟ್ಟೀಲಿದೆ ಅಷ್ಟೆ.”

“ಯಾರು ಹಾಕಿದ್ದು?”

“ಅದು ಪಟ್ಟೀಲಿ ಇರಲ್ಲ.”

“ತೆಗೆಸೋದು ಹೇಗೆ?”

“ಅರ್ಜಿ ಕೊಡಬೇಕು. ಆದ್ರೆ ಹೆಸರು ಇದೆಯೋ ಇಲ್ವೋ ಅಂತ ಅವರು ಹೇಳಲ್ಲ. ಸಂಜೆವರೆಗೆ ವಿಚಾರಣೆ ಮಾಡಿ ಮನೆಗೆ ಕಳಿಸ್ತೀವಿ. ವಿಮಾನ ಮಾತ್ರ ಹತ್ತೋ ಹಾಗಿಲ್ಲ.”

ಜಮ್ಹೂರಿ ಹೆಂಡತಿಯನ್ನು ನೋಡಿದ, ನೆಲವನ್ನು ನೋಡಿದ. “ನಾನು ಬರೆದಿಲ್ಲ. ನಮ್ಮನೆಯವಳು ಬರೆದಿದ್ದು.”

ಇಷ್ಟು ದಿನ ಕಾಫಿ ಅಂಗಡಿಯಲ್ಲಿ ಬಾರದ ಸತ್ಯ ಇಲ್ಲಿ ಬಾಯಿಗೆ ಬಂದಿತ್ತು. ಕಲ್ಸೋಮ್ ಕಲ್ಲಿದ್ದ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಹೌದು ಅಂದರೆ ರಫೀಡಾಳ ಹೊಟ್ಟೆಗೆ ಶಾಖ ಕೊಡುವವರು ಯಾರು?

ಹೈಕಲ್ ನಕ್ಕ. “ಚಿಕ್ಕಮ್ಮನ ಹಿಂದೆ ಅಡಗಿಕೊಳ್ತೀರಾ? ಚಿಕ್ಕಮ್ಮ, ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀರಿ?”

“ಮೂರೂವರೆಗೆ.”

“ಎಷ್ಟು ಪೊಟ್ಟಣ ಕಟ್ತೀರಿ?”

“ಎಂಬತ್ತು.”

“ಆಮೇಲೆ?”

“ಅಂಗಡಿ, ಪಾತ್ರೆ, ಬಟ್ಟೆ, ಮಧ್ಯಾಹ್ನದ ಅಡುಗೆ, ಸಂಜೆ ಸಂತೆ.”

“ಚಿಕ್ಕಪ್ಪ ಏನ್ ಮಾಡ್ತಾರೆ?”

ಕಲ್ಸೋಮ್ ಪ್ರಾಮಾಣಿಕವಾಗಿ ಯೋಚಿಸಿದಳು. “ಏನೂ ಮಾಡಲ್ಲ.”

“ನೋಡಿ ಮತ್ತೆ. ಕೂತು ಕವಿತೆ ಕಟ್ಟೋಕೆ ಹೊತ್ತಿರೋದು ಯಾರಿಗೆ?”

“ಬೇಕಿದ್ರೆ ಪರೀಕ್ಷೆ ಮಾಡಿ, ನಂಗೆ ಬರಲ್ಲ” ಎಂದ ಜಮ್ಹೂರಿ. “ಹೊಳೆ ದಡದಲ್ಲಿ ಕೊಕ್ಕರೆ... ಕೊಕ್ಕರೆ...” ಕೊಕ್ಕರೆ ಅಲ್ಲೇ ಒಂಟಿಕಾಲಲ್ಲಿ ನಿಂತಿತು.

“ಚೆನ್ನಾಗಿ ನಾಟಕ ಮಾಡ್ತೀರಿ” ಎಂದು ಹೈಕಲ್ ಬರೆದುಕೊಂಡ. ಇನ್ನೊಬ್ಬ ಸಿಬ್ಬಂದಿ ಚಹಾ ತಂದಾಗ, “ನಂಗೆ ಬೇಡ, ಗುರುವಾರದ ಉಪವಾಸ. ಸಂಜೆ ಬಾಂಗ್ ಆಗೋವರೆಗೂ ಏನೂ ಇಲ್ಲ” ಎಂದ. ಆಮೇಲೆ ಕಲ್ಸೋಮ್ ಕಡೆ ತಿರುಗಿ, “ನಿಮಗೇನೂ ತಡೆ ಇಲ್ಲ ಚಿಕ್ಕಮ್ಮ. ಇನ್ನರ್ಧ ಗಂಟೆಗೆ ನಿಮ್ಮ ವಿಮಾನ, ಹೊರಡಿ” ಎಂದ.

“ಹೋಗು ಸೋಮ್” ಎಂದ ಜಮ್ಹೂರಿ ಸಣ್ಣಗೆ. “ಮಗು ಕಾಯಲ್ಲ.”

ಕೋಣೆಯ ಹೊರಗಿನ ಬೆಂಚಿನ ಮೇಲೆ ಕಲ್ಸೋಮ್ ಒಬ್ಬಳೇ ಕೂತಳು. ಹೀಗೇ ಎದ್ದು ಹೋದರೆ ಮುಗಿಯಿತು. ಪಟ್ಟಿಯಲ್ಲಿ ಗಂಡನ ಹೆಸರು ಇರುತ್ತದೆ, ಅವಳದು ಎಲ್ಲಿಯೂ ಇರುವುದಿಲ್ಲ: ಬೋರ್ಡಿನಲ್ಲಿಲ್ಲ, ಪರವಾನಗಿಯಲ್ಲಿಲ್ಲ, ಪಂತುನ್‌ಗಳಲ್ಲಿಲ್ಲ, ಸರ್ಕಾರದ ಸಿಟ್ಟಿನಲ್ಲಿ ಕೂಡ ಇಲ್ಲ. ಹೇಳಿಬಿಟ್ಟರೆ, ತಿರುಗಿ ಬರುವಾಗ ಇದೇ ಬಾಗಿಲು, ಇದೇ ಮೇಜು. ರಫೀಡಾಳ ಎರಡನೆಯ ಬಾಣಂತನಕ್ಕೆ ವಿಮಾನ ಹತ್ತಲಾಗುವುದಿಲ್ಲ.

ಅವಳು ಚೀಲದಿಂದ ಒಂದು ಪೊಟ್ಟಣ ತೆಗೆದಳು. ಎಲೆ ಕದಲದಂತೆ ಮೇಲಿನ ಕಾಗದವನ್ನು ಬಿಚ್ಚಿ, ತೊಡೆಯ ಮೇಲೆ ಹರಡಿ, ಅನ್ನ ಅರಳುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಬರೆದಳು:

ಮಾವಿನ ಕೊಂಬೇಲಿ ಅಳಿಲಿನ ಓಟ,
ಕೆರೆಯ ನೀರಲ್ಲಿ ಬಾತುಗಳು;
ಸಂಜೆಗೆ ಬಿಚ್ಚು ತಮ್ಮಾ ಈ ಊಟ,
ಗಂಡನವಲ್ಲ ಈ ಮಾತುಗಳು.

ಪೆನ್ನು ಅಲ್ಲಿ ನಿಂತಿತು. ಇಷ್ಟು ವರ್ಷ ಅವಳು ಯಾವ ಪಂತುನ್ ಕೆಳಗೂ ಏನನ್ನೂ ಬರೆದಿರಲಿಲ್ಲ. ಜೆಡ್ಡಾಕ್ಕೆ ಹೊರಟವರು ಬೇಗ ಬರಬೇಕೆಂದು ಮೈಕು ಕೂಗಿತು. ಅವಳು ಬಗ್ಗಿ, ಹುಡುಗಿಯಾಗಿದ್ದಾಗ ಶಾಲೆಯಲ್ಲಿ ಬರೆಯುತ್ತಿದ್ದಂತೆ ದುಂಡಗೆ ಬರೆದಳು: ಕಲ್ಸೋಮ್ ಬಿಂತಿ ದೊಲಾ. ಅಂಗಡಿಯ ವಿಳಾಸವನ್ನೂ ಹಾಕಿದಳು. ಮೊದಲಿನಂತೆ ಸುತ್ತಿ, ಎರಡು ರಬ್ಬರ್ ಬ್ಯಾಂಡ್ ಹಾಕಿ, ಬಾಗಿಲು ತಟ್ಟಿದಳು.

“ಉಪವಾಸ ಬಿಡೋಕೆ ಇಟ್ಕೊಳಪ್ಪ” ಎಂದಳು ಹೈಕಲ್‌ಗೆ. “ತೆಂಗಿನ ಹಾಲು ಕಡಿಮೆ ಹಾಕಿಲ್ಲ.”