ಪೇಶ್ಕಾರರ ಆಕಾಶ

ಗುಜರಿ ಅಂಗಡಿಯವನು ನನ್ನ ಹಿತ್ತಾಳೆಯ ದೀಪವನ್ನು ನಂಬಲಿಲ್ಲ. ದಾರಕ್ಕೆ ಕಟ್ಟಿದ ಅಯಸ್ಕಾಂತವೊಂದನ್ನು ಅದರ ಹತ್ತಿರ ಇಳಿಬಿಟ್ಟ. ಅದು ತುಸು ತೂಗಾಡಿ, ದೀಪದ ಬುಡಕ್ಕೆ ಟಕ್ ಎಂದು ಅಂಟಿಕೊಂಡಿತು. ಬೀದರದ ಆ ಗದ್ದಲದಲ್ಲಿ ನನಗೆ ಆ ಟಕ್ ಒಂದೇ ಕೇಳಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜವೆಂದರೆ ಆಗ ನಾನು ಅವನ ಜೊತೆ ಜಗಳವಾಡುತ್ತಿದ್ದೆ. ಪೇಶ್ಕಾರರು ನೆನಪಾದದ್ದು ಮನೆಗೆ ಬಂದು ಕೈ ತೊಳೆಯುವಾಗ...

ನಿಜಾಮರ ಕಾಲದಲ್ಲಿ ಅವರು ಭಾಲ್ಕಿಯ ನಮ್ಮ ಓಣಿಯಲ್ಲೇ ಇದ್ದರು. ಹಣೆಗೆ ವಿಭೂತಿ, ತಲೆಗೆ ನಿಜಾಮರ ಅಧಿಕಾರಿಗಳ ಕೆಂಪು ರೂಮಿ ಟೊಪ್ಪಿಗೆ. ಪೇಶ್ಕಾರ ಅಂದರೆ ಜನರ ಮಿಸಲುಗಳನ್ನು, ಅಂದರೆ ಕಾಗದದ ಕಟ್ಟುಗಳನ್ನು, ದೊಡ್ಡ ಸಾಹೇಬರ ಮುಂದೆ ಇಡುವವರು. ಬೇಡವೆನಿಸಿದರೆ ಇಡದಿರುವವರೂ ಅವರೇ. ಅವರಿಗೊಂದು ಹುಚ್ಚಿತ್ತು: ಆಕಾಶದಿಂದ ಬಿದ್ದ ಕಲ್ಲುಗಳನ್ನು ಕೂಡಿಸುವುದು. ಎಂದೋ ಹೈದರಾಬಾದಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಉಲ್ಕೆಯನ್ನು ಕಂಡಿದ್ದರಂತೆ. ಅಂದಿನಿಂದ ಅವರ ಮಾತೆಲ್ಲ ಮೇಲಿನದೇ.

ಕಲ್ಲು ಕೂಡಿಸಲು ಅವರು ಬಿಸಿಲಲ್ಲಿ ಒಂದು ದಿನವೂ ತಿರುಗಲಿಲ್ಲ. ಅಗತ್ಯವೇ ಇರಲಿಲ್ಲ. ಪೇಶ್ಕಾರರಿಗೆ ಆಕಾಶದ ಕಲ್ಲು ಬೇಕು ಎಂಬ ಸುದ್ದಿ ತಾಲೂಕುಗಳನ್ನು ದಾಟಿತ್ತು. ಔರಾದದ ಕಡೆಯಿಂದ ಬರುವವನು ದಾರಿಯ ಹೊಲದಲ್ಲಿ ಕರಿಕಲ್ಲೊಂದನ್ನು ಎತ್ತಿಕೊಂಡು, ಅರ್ಜಿಯ ಜೊತೆಗೆ ಮೇಜಿನ ಮೇಲೆ ಇಡುತ್ತಿದ್ದ.

"ಮ್ಯಾಲಿಂದ ಬಿತ್ರಿ ಸಾಹೇಬ್ರ. ನನ್ ಕಣ್ಣಿನ ಮುಂದೇ."

ಪೇಶ್ಕಾರರು ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಇಳಿಬಿಡುತ್ತಿದ್ದರು. ನಮ್ಮ ಕಡೆಯ ಯಾವ ಕರಿಕಲ್ಲಿನಲ್ಲಿ ತುಸು ಕಬ್ಬಿಣವಿಲ್ಲ? ದಾರ ಒಂದಿಷ್ಟು ಓರೆಯಾಗುತ್ತಿತ್ತು. ಕಲ್ಲು ಕಪಾಟು ಸೇರುತ್ತಿತ್ತು, ಮಿಸಲು ಮುಂದೆ ಸರಿಯುತ್ತಿತ್ತು. ಬೀದರದವರು ತಂದ ಕೆಂಪು ತೂತುಕಲ್ಲುಗಳನ್ನೂ ಬಿಡಲಿಲ್ಲ. ಅವು ಮಂಗಳ ಗ್ರಹದವಂತೆ! ಇಡೀ ಬೀದರ ಕೋಟೆಯನ್ನು ಅದೇ ಕಲ್ಲಿನಲ್ಲಿ ಕಟ್ಟಿದ್ದಾರೆ ಎಂದು ಅವರಿಗೆ ಹೇಳುವವರು ಯಾರು? ನಾನು ಹೇಳಲಿಲ್ಲ. ನನಗಾಗ ಇಪ್ಪತ್ತು. ಉರ್ದು ಅಕ್ಷರ ದುಂಡಗಿತ್ತು, ನೌಕರಿ ಕೊಡಿಸುತ್ತೇನೆ ಎಂದಿದ್ದರು. ಕಲ್ಲುಗಳಿಗೆ ಅಂಟಿಸುವ ಚೀಟಿಗಳನ್ನು ಬರೆಯುವುದು ನನ್ನ ಕೆಲಸ: ಯಾವ ಊರು, ಯಾವ ತಿಂಗಳು, ಎಷ್ಟು ತೂಕ.

ಅವುಗಳಲ್ಲಿ ಒಂದು ಮಾತ್ರ ನಿಜವಾದದ್ದು. ಹಲಬರ್ಗಾದ ಹತ್ತಿರ ಹಾಡಹಗಲೇ ತೋಪು ಹಾರಿಸಿದಂಥ ಸದ್ದು ಕೇಳಿ ಊರೇ ಹೊರಗೆ ಬಂದಿತ್ತು. ಕಲ್ಲು ಬಿದ್ದದ್ದು ಒಂದು ಕುರಿಹಟ್ಟಿಯಲ್ಲಿ. ಅದೇ ತಿಂಗಳು ಆ ಹಟ್ಟಿಯ ಯಜಮಾನ ಜ್ವರದಿಂದ ಸತ್ತ. ಅವನನ್ನು ಹೊಲದಲ್ಲಿ ಮಣ್ಣು ಮಾಡಿ, ಅವನ ಹೆಂಡತಿ ಆ ಕಲ್ಲನ್ನೇ ತಲೆಯ ಕಡೆಗೆ ಇಟ್ಟು, ದಿನವೂ ಎಣ್ಣೆ ಹಚ್ಚುತ್ತಿದ್ದಳು.

ಪೇಶ್ಕಾರರು ಟಾಂಗಾ ಮಾಡಿಸಿಕೊಂಡು ಹೋದರು. ಜೊತೆಗೆ ನಾನು. ಕಪ್ಪು ಸಿಪ್ಪೆ, ಹಸಿ ಹಿಟ್ಟಿಗೆ ಹೆಬ್ಬೆರಳು ಒತ್ತಿದಂತೆ ಕುಳಿಗಳು. ಪೇಶ್ಕಾರರು ಮಂಡಿಯೂರಿ ಕುಳಿಗಳೊಳಗೆ ಬೆರಳಾಡಿಸಿದರು.

"ಮಂಗಳ, ಗುರು ಅಂತ ಎರಡು ಗ್ರಹ ಅವ. ಅವುಗಳ ನಡುವ ಒಂದು ಲೋಕ ಇತ್ತು. ಅದು ಒಡದದ. ಅದರ ಚೂರಿದು. ನಿನಗ ತಿಳಿಯಂಗಿಲ್ಲ ಬಿಡವಾ."

"ತಿಳಿತದ್ರಿ. ಒಡದು ಬಿದ್ದದ್ದು ನಮ್ ಹಟ್ಟ್ಯಾಗ. ನಿಮ್ ಅಂಗಳದಾಗಲ್ಲ."

ಪೇಶ್ಕಾರರು ಜೇಬಿನಿಂದ ಉರ್ದು ಕಾಗದವೊಂದನ್ನು ತೆಗೆದು ಗಟ್ಟಿಯಾಗಿ ಓದಿದರು. ಆಕಾಶದಿಂದ ಬಿದ್ದದ್ದೆಲ್ಲ ಸರ್ಕಾರದ್ದು ಎಂದು ಅದರಲ್ಲಿದೆ ಎಂದರು. ಅವಳು ನನ್ನ ಮುಖ ನೋಡಿದಳು, ಓದು ಬಂದವನೆಂದು. ಅವರು ಓದಿದ್ದು ಕುರಿ ತೆರಿಗೆಯ ಹಳೆಯ ನೋಟೀಸು. ನಾನು ಹೌದೆಂದು ತಲೆಯಾಡಿಸಿದೆ.

ಮನೆಗೆ ತಂದ ಮೇಲೆ ಎಣ್ಣೆ ಹೋಗಲೆಂದು ಅದನ್ನು ಬೂದಿ, ಹುಣಸೆಹಣ್ಣು ಹಾಕಿ ಉಜ್ಜಿಸಿದರು, ಪೂಜೆಯ ತಂಬಿಗೆಯನ್ನು ತೊಳೆದ ಹಾಗೆ. ಉಲ್ಕೆಗೆ ಗುರುತಾದ ಕಪ್ಪು ಸಿಪ್ಪೆ ಅಷ್ಟೂ ಹೋಯಿತು, ಕುಳಿಗಳ ಅಂಚೂ ಸವೆದು ಅದು ಬೇರೆ ಕರಿಕಲ್ಲುಗಳಂತೆಯೇ ಆಯಿತು. ಈ ಮನುಷ್ಯ ಉಲ್ಕೆಗಳ ಪಂಡಿತ!

ಆಮೇಲೆ ಪೋಲೀಸ್ ಆಕ್ಷನ್. ಭಾರತದ ಸೈನ್ಯ ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಪೇಶ್ಕಾರರ ರೂಮಿ ಟೊಪ್ಪಿಗೆ ಎಲ್ಲಿ ಹೋಯಿತೋ, ಮರುದಿನ ತಲೆಯ ಮೇಲೆ ಖಾದಿಯ ಬಿಳಿ ಟೊಪ್ಪಿಗೆ. ಮಧ್ಯಾಹ್ನ ನನ್ನನ್ನು ಕರೆದು ಬಾಗಿಲು ಹಾಕಿದರು.

"ಈ ಚೀಟಿ ಎಲ್ಲಾ ಸುಡು. ಉರ್ದು ನೋಡಿ, ಮದ್ದುಗುಂಡಿನ ಪಟ್ಟಿ ಅಂತ ತಿಳಕೊಂಡ್ರ ಏನ್ ಮಾಡ್ತಿ?"

"ಕಲ್ಲು ಯಾವ್ದು ಅಂತ ಹ್ಯಾಂಗ ಗುರುತು ಹಿಡೀತೀರಿ?"

"ನನಗ ಚೀಟಿ ಬೇಕಾ? ಮುಟ್ಟಿದ್ರ ಹೇಳ್ತೇನಿ."

ಸುಟ್ಟೆ. ಒಲೆಯಲ್ಲಿ ಹಿಟ್ಟಿನ ಅಂಟು ಕರಕಾಗಿ ರೊಟ್ಟಿ ಸುಟ್ಟ ವಾಸನೆ ಬಂತು. ನಮ್ಮ ಹಿಂದಿನ ಓಣಿಯಲ್ಲಿ ಮುಸಲ್ಮಾನರ ಮನೆಗಳ ಬಾಗಿಲುಗಳು ತೆರೆದೇ ಇದ್ದವು, ಒಳಗೆ ಜನರಿರಲಿಲ್ಲ. ಅವರು ಎಲ್ಲಿಗೆ ಹೋದರು, ಏನಾದರು ಎಂದು ನಾವಿಬ್ಬರೂ ಕೇಳಲಿಲ್ಲ. ಕಲ್ಲಿನ ಚೀಟಿ ಸುಡುತ್ತಿದ್ದೆವು...

ಕೆಲವು ವಾರಗಳ ಮೇಲೆ ಹಲಬರ್ಗಾದ ಆ ಹೆಂಗಸು ಬಂದಳು. ಹೆಗಲ ಮೇಲೆ ಕಂಬಳಿ. ಗಂಡ ಸತ್ತು ವರ್ಷ ತುಂಬುತ್ತಿತ್ತು. ಅಷ್ಟರೊಳಗೆ ಕಲ್ಲು ಅವನ ತಲೆಯ ಹತ್ತಿರ ಮರಳಬೇಕಿತ್ತು.

"ನಿಮ್ ಸರ್ಕಾರ ಹೋಯ್ತಂತಲ್ರಿ. ನನ್ ಕಲ್ಲು ಕೊಡ್ರಿ."

"ಸರ್ಕಾರ ಹೋದ್ರ ಕಾಯ್ದೆ ಹೋಗ್ತದೇನವಾ?"

"ಹೋಗಿಲ್ಲಂದ್ರ ಟೊಪಗಿ ಯಾಕ ಬದಲ್ ಮಾಡೀರಿ?"

ಕಪಾಟು ತೆರೆದರು. ಚೀಟಿಯಿಲ್ಲದ ಕಲ್ಲುಗಳು. ಅಯಸ್ಕಾಂತವನ್ನು ಒಂದೊಂದಕ್ಕೂ ಇಳಿಬಿಟ್ಟರು. ಎಲ್ಲವೂ ಇಷ್ಟಿಷ್ಟು ಎಳೆದವು. ಮತ್ತೆ ಮೊದಲಿನಿಂದ ಹಿಡಿದರು. ಬೆವರಿನಿಂದ ವಿಭೂತಿ ಕರಗಿತು. ಕೊನೆಗೆ ಒಂದನ್ನು ಎತ್ತಿ ಕೊಟ್ಟರು. ಅವಳು ಮೂಸಿ ನೋಡಿದಳು.

"ನಂದಕ್ಕ ಎಣ್ಣಿ ಹತ್ತಿತ್ರಿ."

ಈ ಕತೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಅವಳು ಕಣ್ಣು ಮುಚ್ಚಿ, ಸರಿಯಾದ ಕಲ್ಲಿನ ಮೇಲೇ ಕೈಯಿಡುತ್ತಿದ್ದಳು. ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ಸುಳ್ಳು. ಅವಳಿಗೂ ಗುರುತು ಸಿಗಲಿಲ್ಲ. ಆಮೇಲೆ ಕಂಬಳಿ ಬಿಚ್ಚಿ ನೆಲಕ್ಕೆ ಹಾಸಿದಳು.

"ಎಲ್ಲಾ ಹಾಕ್ರಿ. ಇದರಾಗೇ ಒಂದು ನಂದದ."

"ಏ, ಎಲ್ಲಾ ಹ್ಯಾಂಗ ಕೊಡ್ಲಿ? ಹತ್ತು ವರ್ಷದ್ದದ ಇದು!"

"ಹಂಗಾದ್ರ ನಂದು ಯಾವ್ದು, ಹೇಳ್ರಿ."

ಪೇಶ್ಕಾರರು ಕಿಟಕಿಯತ್ತ ನೋಡಿದರು. ಹೊರಗೆ ಜನ ಸೇರುತ್ತಿದ್ದರು, ಹೊಸ ಟೊಪ್ಪಿಗೆಗೆ ಅದು ಒಳ್ಳೆಯದಲ್ಲ. ಒಂದೊಂದೇ ಕರಿಕಲ್ಲನ್ನು ಅವರೇ ಎತ್ತಿ ಹಾಕಿದರು, ಅವಳ ಬಂಡಿಯವರೆಗೆ ಕಂಬಳಿಯ ಒಂದು ತುದಿಯನ್ನೂ ಹಿಡಿದರು. ಕೆಂಪು ಕಲ್ಲುಗಳನ್ನು ಅವಳು ಮುಟ್ಟಲಿಲ್ಲ. ಪೇಶ್ಕಾರರಿಗೆ ಸಾಯುವವರೆಗೂ ಆ ಮಂಗಳ ಗ್ರಹ ಉಳಿಯಿತು. ಕುರ್ಚಿಯೂ ಉಳಿಯಿತು.

ಲೋಕವೊಂದು ಒಡೆದು ಚೂರಾಯಿತು ಎಂದ ಅವರ ಮಾತೂ ತಪ್ಪೆಂದು ಆಮೇಲೆ ಓದಿದೆ. ಅವು ಎಂದೂ ಒಂದು ಗ್ರಹವಾಗಿ ಕೂಡಲಾರದೆ ಉಳಿದ ಚೂರುಗಳಂತೆ. ಇದನ್ನು ಯಾವುದಕ್ಕಾದರೂ ಹೋಲಿಸುವ ಆಸೆಯಾಗುತ್ತದೆ. ಬೇಡ. ಮೇಲಿಂದ ಕಲ್ಲು ಬೀಳುತ್ತದೆ ಎಂದು ನನಗೆ ಮೊದಲು ಹೇಳಿದವರು ಅವರೇ. ಅದಕ್ಕಾದರೂ ಅವರಿಗೆ ಋಣಿಯಾಗಬೇಕೆ? ಆಗಲಾರೆ.

ಮರುದಿನ ಮತ್ತೆ ಹೋಗಿ, ದೀಪಕ್ಕೆ ಬದಲಾಗಿ ಗುಜರಿಯವನ ಆ ಅಯಸ್ಕಾಂತವನ್ನೇ ಕೇಳಿ ಪಡೆದೆ. ಹೋದ ವಾರ ಹಲಬರ್ಗಾಕ್ಕೆ ಹೋಗಿದ್ದೆ. ಗೋರಿಯ ದಿಬ್ಬವಿಲ್ಲ, ನೆಲ ಉತ್ತಿದ್ದಾರೆ. ಅವಳು ಒಯ್ದ ಕಲ್ಲುಗಳೆಲ್ಲ ಹೊಲದ ಬದುವಿನಲ್ಲಿ ಬೇರೆ ಕಲ್ಲುಗಳೊಳಗೆ ಸೇರಿವೆ. ದಾರ ಹಿಡಿದು ಬದುವಿನ ಉದ್ದಕ್ಕೂ ಬಗ್ಗಿ ನಡೆದೆ. ಎಲ್ಲವೂ ಇಷ್ಟಿಷ್ಟು ಎಳೆದವು.

"ಏನ್ ಹುಡುಕ್ಲತ್ತೀರಿ ಮುತ್ಯಾ?" ಎಂದ ಹೊಲದವನು.

"ಇಲ್ಲೊಂದು ಗೋರಿ ಇತ್ತಲ್ಲ..."

"ಯಾರ್ದ್ರಿ?"

ಹಲಬರ್ಗಾ, ಕಪ್ಪು, ಬಿದ್ದ ತಿಂಗಳು, ತೂಕ. ಆ ಚೀಟಿಯ ಅಕ್ಷರ ಅಕ್ಷರವೂ ನನಗೆ ನೆನಪಿತ್ತು. ಸತ್ತವನ ಹೆಸರನ್ನು ಮಾತ್ರ ನಾನು ಎಂದೂ ಕೇಳಿರಲಿಲ್ಲ.