ಬೀಗರ ಸ್ಯಾಂಪಲ್

ಸಿಂಧನೂರಿನ ನಮ್ಮ ಲ್ಯಾಬಿನಲ್ಲಿ, ನಮ್ಮ ಕೆಲಸ ಪರೀಕ್ಷಿಸಲು ಹೊರಗಿನಿಂದ ಬರುವ ಸ್ಯಾಂಪಲ್ಲಿಗೆ ‘ಬೀಗರು’ ಎಂಬ ಹೆಸರಿತ್ತು. ಅದರಲ್ಲಿ ಏನಿದೆಯೆಂದು ಕಳಿಸಿದವರಿಗಷ್ಟೇ ಗೊತ್ತು. ನಾವು ಅಳೆದು ಉತ್ತರ ಕಳಿಸಿದರೆ ಸರಿಯೋ ತಪ್ಪೋ ಹೇಳುತ್ತಾರೆ; ಲ್ಯಾಬಿನ ಮಾನ್ಯತೆ ಅದರ ಮೇಲೇ ನಿಂತಿದೆ. ಅದು ಬಂದ ದಿನ ನಿಜವಾಗಿಯೂ ಬೀಗರು ಬಂದಷ್ಟೇ ಗದ್ದಲ. ಯಂತ್ರ ಒರೆಸುವರು, ಹೊಸ ರಾಸಾಯನಿಕದ ಸೀಸೆ ತೆರೆಯುವರು, ಬೆಳಗಿನ ತಂಪಿನಲ್ಲಿ ಮತ್ತೆ ಮತ್ತೆ ಅಳೆದು ಚೆಂದದ ಅಂಕಿ ಆರಿಸುವರು. ಆಮೇಲೆ ಅದೇ ಸ್ಯಾಂಪಲ್ ಹೋಗಿರುವ ಲಿಂಗಸುಗೂರು, ಮಸ್ಕಿಯ ಲ್ಯಾಬುಗಳಿಗೆ ಫೋನ್ ಮಾಡಿ ತಾಳೆ ನೋಡುವರು.

ನಾನು ಉಸ್ತುವಾರಿ ವಹಿಸಿಕೊಂಡ ಮೊದಲ ಬೇಸಿಗೆಯಲ್ಲೇ ಇದನ್ನು ನಿಲ್ಲಿಸಿದೆ. ನಮ್ಮ ನಿತ್ಯದ ಕೆಲಸ ಭತ್ತದ ಗದ್ದೆಗೆ ಎಣ್ಣೆ ಹೊಡೆಯುವವರ ರಕ್ತ ನೋಡುವುದು. ಆ ಕೀಟನಾಶಕ ಮೈಗಿಳಿದರೆ ರಕ್ತದ ಒಂದು ಕಿಣ್ವ ಕುಸಿಯುತ್ತದೆ. ಕುಸಿದವರು ಎಣ್ಣೆಯ ಪಂಪು ಹೊರಬಾರದು. ಅವರ ರಕ್ತ ಒಂದೇ ಸಲ, ಸರದಿಯಲ್ಲಿ ಅಳೆಯುತ್ತೇವೆಂದರೆ ಬೀಗರಿಗೂ ಅದೇ ಸರದಿ.

ಆ ಬೇಸಿಗೆಯ ಸ್ಯಾಂಪಲ್ ಬಂದ ಮಧ್ಯಾಹ್ನ ತುರ್ವಿಹಾಳದ ಕೂಲಿಯಾಳೊಬ್ಬನ ಹಿಂದೆ ಬೀಗರನ್ನು ನಿಲ್ಲಿಸಿದೆ. ಅವನಿಗೆ ‘ಚೆನ್ನಾಗಿದೆ’ ಎಂಬ ವರದಿ ಸಿಕ್ಕಿತು, ಹೋದ. ಬೀಗರ ಅಂಕಿ ಬಂದೊಡನೆ ಲ್ಯಾಬಿನ ಮಾಲೀಕರು ಲಿಂಗಸುಗೂರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

“ನಮ್ದೂ ಮಸ್ಕಿಯವ್ರದೂ ಒಂದೇ ಬಂದೈತ್ರಿ. ನಿಮ್ದ್ಯಾಕ ಇಷ್ಟ್ ಫರಕ್? ಭಾಳ ಮ್ಯಾಲ ಹೋಗೇತಿ!” ಎಂದ ಆ ಕಡೆಯವನು.

“ಮೂರೂರಿಗೆ ಒಂದೇ ಅಂಕಿ ಬೇಕಂದ್ರ ಒಂದ್ ಲ್ಯಾಬ್ ಇಟ್ಟು ಎರಡಕ್ಕ ಕೀಲಿ ಹಾಕ್ರಿ,” ಎಂದೆ ನಾನು.

“ನಿಮ್ಮ ಹಿರ್ಯಾರು ಭಾಳ ಖಾರ ಅದಾರ ನೋಡ್ರಿ, ಸಾವ್ಕಾರ್ರ,” ಎಂದು ನಕ್ಕು ಫೋನ್ ಇಟ್ಟ.

ಮಾಲೀಕರಿಗೆ ನಗು ಬರಲಿಲ್ಲ. “ಮಾನ್ಯತೆ ಹೋದ್ರ ಬಾಗಲಾ ಮುಚ್ಚಬೇಕಾಕ್ಕೈತಿ. ಅವ್ರ ಅಂಕಿನೇ ಬರೀರಿ.”

“ಬರಿಯೂದಿಲ್ಲ. ನಮ್ಮ ಯಂತ್ರ ಹೇಳಿದ್ದು ಇದು.”

“ತಪ್ಪಾಗಿದ್ರ?”

“ತಪ್ಪಂತ ಗೊತ್ತಾಗ್ಲಿ. ಅದಕ್ಕ ಅಲ್ಲೇನ್ರಿ ಅವ್ರು ಕಳ್ಸೂದು?”

ನಮ್ಮ ಅಂಕಿಯನ್ನೇ ಕಳಿಸಿದೆ. ಕಳಿಸಿದ ಮೇಲೆ ಫರಕು ಎಲ್ಲಿಂದ ಬಂತೆಂದು ಹುಡುಕಲು ಕೂತೆ. ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್ ಒಂದನ್ನು ದಿನಾ ಬೆಳಿಗ್ಗೆ ಹಾಕಿ ಯಂತ್ರವನ್ನು ಪರೀಕ್ಷಿಸುತ್ತಿದ್ದೆವು. ಅಂದು ಬೆಳಿಗ್ಗೆ ಅದು ಸರಿಯಿತ್ತು. ಅದನ್ನೇ ಈಗ ಮತ್ತೆ ಹಾಕಿದೆ. ಅಂಕಿ ಮೇಲೇರಿತ್ತು. ಕೋಣೆ ಕಾದು ಯಂತ್ರವೂ ಕಾದಿತ್ತು. ಮಧ್ಯಾಹ್ನ ನಾವು ಅಳೆದ ಪ್ರತಿ ರಕ್ತವೂ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

ಮಧ್ಯಾಹ್ನದ ವರದಿಗಳನ್ನೆಲ್ಲ ರದ್ದು ಮಾಡಿ ಅವರೆಲ್ಲರಿಗೂ ಫೋನ್ ಮಾಡಿಸಿದೆ. ಮರುದಿನ ಮೊದಲ ಬಸ್ಸಿಗೇ ತುರ್ವಿಹಾಳದವನು ಬಂದ.

“ನಿನ್ನೆ ಚಲೋ ಐತಿ ಅಂದ್ರಿ, ಇವತ್ತ ಮತ್ತ ಸೂಜಿ ಅಂತೀರಿ. ನನ್ನ ರಕ್ತ ಅಷ್ಟ್ ರುಚಿ ಐತೇನ್ರಿ?”

“ಕೈ ಚಾಚೋ ಮಾರಾಯಾ, ಆಮ್ಯಾಲ ಚೇಷ್ಟಿ ಮಾಡ್ವಂತಿ.”

ತಂಪಿನಲ್ಲಿ ಅಳೆದಾಗ ಅವನ ಅಂಕಿ ಕುಸಿದಿತ್ತು. ಮತ್ತೆ ತೋರಿಸಿಕೊಳ್ಳುವವರೆಗೆ ಪಂಪು ಮುಟ್ಟಬೇಡವೆಂದು ಬರೆದುಕೊಟ್ಟು, ಡಾಕ್ಟರ ಬಳಿ ಕಳಿಸಿದೆ.

ಕೆಲವು ವಾರಗಳಿಗೆ ಬೀಗರ ಫಲಿತಾಂಶ ಬಂತು. ಲಿಂಗಸುಗೂರು, ಮಸ್ಕಿ ಪಾಸು, ನಾವು ನಪಾಸು. ಮುಂದಿನದೂ ತಪ್ಪಿದರೆ ಮಾನ್ಯತೆ ಇಲ್ಲ ಎಂಬ ಎಚ್ಚರಿಕೆ ಬೇರೆ. ಅಷ್ಟರಲ್ಲಿ ಯಂತ್ರದ ಕೋಣೆಗೆ ಏಸಿ ಬಂದಿತ್ತು, ಮಧ್ಯಾಹ್ನವೂ ಯಂತ್ರವನ್ನು ಪರೀಕ್ಷಿಸುತ್ತಿದ್ದೆವು. ಆದರೂ ಮುಂದಿನ ಸ್ಯಾಂಪಲ್ ಬಂದಾಗ ಮಾಲೀಕರು ಮೆಲ್ಲಗೆ ಕೇಳಿದರು, “ಇದೊಂದ್ಸಲ ಬೆಳಿಗ್ಗೆ ಹಾಕೂಣೇನ್ರಿ?”

“ಮಧ್ಯಾಹ್ನಕ್ಕೇ,” ಎಂದೆ. “ಹೊರಗ ಮಂದಿ ಕುಂತಾರ. ಅವ್ರ ಹಿಂದ ನಿಲ್ಲಿಸ್ರಿ.”